ಜೆಕರೀಯನು ಕೇಳಿದ ಹಲಗೆ



ಜೂನ್ 24 ಸ್ನಾನಿಕ ಯೊವಾನ್ನರ ಜನನದ ಹಬ್ಬ. ಅಷ್ಟರಲ್ಲಿ ನಮ್ಮ ಮುನವಳ್ಳಿ ಸೀಮೆಯಲ್ಲಿ ಬಿತ್ತನೆಯ ಗಡಿಬಿಡಿ, ಶಾಲೆಗಳೂ ತೆರೆದಿರುತ್ತವೆ. ಆ ದಿನದ ಶುಭಸಂದೇಶದಲ್ಲಿ ಮಾತು ನಿಂತುಹೋದ ಒಬ್ಬ ತಂದೆಯಿದ್ದಾನೆ. ಮಗುವಿಗೆ ತಂದೆಯ ಹೆಸರನ್ನೇ ಇಡಬೇಕೆಂದು ಬಂಧುಬಳಗದವರ ಹಟ. ತಾಯಿ ಎಲಿಜಬೇತಳು ಬೇರೆ ಹೆಸರು ಹೇಳಿದರೆ ಅವರು ಒಪ್ಪಲೊಲ್ಲರು. ಕಡೆಗೆ ಜೆಕರೀಯನನ್ನು ಸನ್ನೆ ಮಾಡಿ ಕೇಳುತ್ತಾರೆ. ಅವನು ಬರೆಯುವ ಹಲಗೆಯೊಂದನ್ನು ತರಿಸಿಕೊಂಡು ಹೆಸರು ಬರೆಯುತ್ತಾನೆ. ನಾಲಗೆ ಸಡಿಲಗೊಂಡದ್ದು ಆಮೇಲೆ. ಪ್ರಬೋಧನೆಗಳಲ್ಲಿ ಹೆಚ್ಚಾಗಿ ಕೇಳಿಬರುವುದು ಆ ಪವಾಡವೇ. ನಾನಿಲ್ಲಿ ಹೇಳಹೊರಟಿರುವುದು ಹಲಗೆಯ ಚರಿತ್ರೆಯನ್ನು.

ಮಾತು ಬಾರದ ಮಗು ತರಗತಿಯಲ್ಲಿ ಏನಾದರೂ ಹೇಳಬೇಕಾದರೆ ಮೊದಲು ಯಾರಾದರೂ ಅದನ್ನು ಕೇಳಬೇಕು. ಆಮೇಲೆ ಉತ್ತರಿಸಲು ಅದಕ್ಕೊಂದು ದಾರಿ ಮಾಡಿಕೊಡಬೇಕು. ಇಷ್ಟು ಸರಳ ಸಂಗತಿ ಲೋಕಕ್ಕೆ ಹೊಳೆಯಲು ಶತಮಾನಗಳೇ ಬೇಕಾದವು. 16ನೇ ಶತಮಾನದಲ್ಲಿ ಸ್ಪೇನಿನ ಓನ್ಯಾ ಮಠದಲ್ಲಿ ಪೆದ್ರೊ ಪೊನ್ಸೆ ದೆ ಲಿಯೋನ್ ಎಂಬ ಬೆನೆಡಿಕ್ಟೀನ್ ಸನ್ಯಾಸಿಯಿದ್ದರು. ವೆಲಾಸ್ಕೊ ಎಂಬ ಶ್ರೀಮಂತ ಮನೆತನದ ಕಿವುಡ ಹುಡುಗರಿಗೆ ಅವರು ಓದುಬರಹ ಕಲಿಸಿದರು. ಮಠದ ಮೌನವ್ರತದಲ್ಲಿ ಸನ್ಯಾಸಿಗಳು ಬಳಸುತ್ತಿದ್ದ ಕೈಸನ್ನೆಗಳೇ ಅವರಿಗೆ ನೆರವಾಗಿರಬೇಕು ಎಂದು ಇತಿಹಾಸಕಾರರು ಊಹಿಸುತ್ತಾರೆ. 1584ರಲ್ಲಿ ಅವರು ತೀರಿಕೊಂಡರು. ಮುಂದಿನ ತಲೆಮಾರಿನಲ್ಲಿ ಜಿನೀವಾದ ಧರ್ಮಾಧ್ಯಕ್ಷರಾದ ಸಂತ ಫ್ರಾನ್ಸಿಸ್ ದೆ ಸಾಲ್‌ರವರು ಮಾರ್ಟಿನ್ ಎಂಬ ಕಿವುಡನಿಗೆ ಸನ್ನೆಯಿಂದಲೇ ಧರ್ಮೋಪದೇಶ ಕಲಿಸಿ ಪರಮಪ್ರಸಾದ ಕೊಟ್ಟರು. ಕಿವುಡರ ಪಾಲಕ ಸಂತರೆಂದು ಅವರನ್ನು ಕರೆಯುವುದು ಇದರಿಂದಲೇ.

ಆದರೆ ಬಡವರ ಮಕ್ಕಳಿಗೂ ಬಾಗಿಲು ತೆರೆದವರು ಪ್ಯಾರಿಸಿನ ಗುರು ಶಾರ್ಲ್ ಮಿಷೆಲ್ ದೆ ಲೆಪೆ (1712–1789). ಕಿವುಡರಾಗಿದ್ದ ಅಕ್ಕತಂಗಿಯರಿಬ್ಬರ ಭೇಟಿ ಅವರ ಜೀವನವನ್ನೇ ತಿರುಗಿಸಿತು. ಆ ಹುಡುಗಿಯರಿಗೆ ಚಿತ್ರಗಳನ್ನು ತೋರಿಸಿ ಪಾಠ ಹೇಳುತ್ತಿದ್ದ ಇನ್ನೊಬ್ಬ ಗುರು ತೀರಿಹೋಗಿದ್ದರು. ಲೆಪೆಯವರು ಆ ಕೆಲಸವನ್ನು ಕೈಗೆತ್ತಿಕೊಂಡು 1760ರ ಸುಮಾರಿಗೆ ತಮ್ಮ ಮನೆಯಲ್ಲೇ ಶಾಲೆ ನಡೆಸಿದರು. ಫೀ ತೆಗೆದುಕೊಳ್ಳಲಿಲ್ಲ. ಮಕ್ಕಳು ತಮ್ಮತಮ್ಮಲ್ಲಿ ಮಾಡುತ್ತಿದ್ದ ಸನ್ನೆಗಳನ್ನು ಅವರು ಮೊದಲು ತಾವೇ ಕಲಿತರು, ಆಮೇಲೆ ಆ ಸನ್ನೆಗಳ ಮೇಲೆ ಫ್ರೆಂಚ್ ಓದುಬರಹವನ್ನು ಕಟ್ಟಿದರು. ಮಾಸ್ತರರು ವಿದ್ಯಾರ್ಥಿಯ ಭಾಷೆಯನ್ನು ಮೊದಲು ಕಲಿಯುವುದು ಆ ಕಾಲಕ್ಕೆ ಸಣ್ಣ ಮಾತಲ್ಲ. ನಮ್ಮ ಕಾಲಕ್ಕೂ ಅಲ್ಲವೆನ್ನಿ.

ಈ ಚರಿತ್ರೆಯಲ್ಲಿ ಹೆಮ್ಮೆಪಡುವಂಥದ್ದು ಮಾತ್ರ ಇದೆಯೆಂದು ತಿಳಿಯಬಾರದು. 1880ರಲ್ಲಿ ಇಟಲಿಯ ಮಿಲಾನ್ ನಗರದಲ್ಲಿ ಕಿವುಡರ ಶಿಕ್ಷಕರ ಸಮ್ಮೇಳನ ಸೇರಿತು. ಅಧ್ಯಕ್ಷತೆ ವಹಿಸಿದ್ದವರು ಜೂಲಿಯೊ ತಾರ್ರಾ ಎಂಬ ಗುರುಗಳೇ. ಶಾಲೆಗಳಲ್ಲಿ ಸನ್ನೆ ಬೇಡ, ತುಟಿ ನೋಡಿ ಅರಿಯುವುದನ್ನೂ ಬಾಯಿಂದ ನುಡಿಯುವುದನ್ನೂ ಕಲಿಸಿದರೆ ಸಾಕು ಎಂದು ಅಲ್ಲಿ ನಿರ್ಣಯವಾಯಿತು. ಯಾರ ಕೈಗಳ ಬಗ್ಗೆ ತೀರ್ಮಾನವಾಗುತ್ತಿತ್ತೋ ಆ ಕಿವುಡರ ಅಭಿಪ್ರಾಯಕ್ಕೆ ಅಲ್ಲಿ ಜಾಗವೇ ಇರಲಿಲ್ಲವೆನ್ನಬೇಕು. ಮುಂದೆ ಎಷ್ಟೋ ದೇಶಗಳ ತರಗತಿಗಳಲ್ಲಿ ಸನ್ನೆ ಮಾಡಿದ ಮಕ್ಕಳಿಗೆ ಶಿಕ್ಷೆಯಾಯಿತು. ಇಂಥದೇ ಸಮ್ಮೇಳನ 2010ರಲ್ಲಿ ಕೆನಡಾದ ವ್ಯಾಂಕೂವರಿನಲ್ಲಿ ಸೇರಿದಾಗ ಆ ನಿರ್ಣಯವನ್ನು ತಳ್ಳಿಹಾಕಿ ವಿಷಾದ ಸೂಚಿಸಿತು. ನಡುವೆ 130 ವರುಷಗಳು ಕಳೆದಿದ್ದವು.

ನಮ್ಮ ದೇಶದಲ್ಲಿ ಕಿವುಡ ಮಕ್ಕಳಿಗೆ ಮೊದಲ ಶಾಲೆಗಳಲ್ಲೊಂದು 1880ರ ದಶಕದಲ್ಲಿ ಮುಂಬಯಿಯಲ್ಲಿ ಆರಂಭವಾಯಿತು. ಅದನ್ನು ತೆರೆದವರು ಯೇಸುಸಭೆಯ ಧರ್ಮಾಧ್ಯಕ್ಷ ಲಿಯೊ ಮೆರಿನ್. ಮೈಸೂರಿನಲ್ಲಿ 1901ರಲ್ಲಿ ಕಿವುಡ ಮತ್ತು ಅಂಧ ಮಕ್ಕಳ ಶಾಲೆ ಬಂತು. 1951ರಲ್ಲಿ ಭಾರತಿ ಬ್ರೈಲ್ ರೂಪುಗೊಂಡು ಕನ್ನಡವೂ ಬೆರಳ ತುದಿಗೆ ಸಿಕ್ಕಿತು. 1965ರಲ್ಲಿ ಮೈಸೂರಿನಲ್ಲೇ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಸ್ಥಾಪನೆಯಾಯಿತು.

ಇಷ್ಟಾದರೂ ಒಂದು ಗುಂಪಿನ ಮಕ್ಕಳು ಹೊರಗೇ ಉಳಿದರು. ಕಿವಿ ಕೇಳುತ್ತದೆ, ಬುದ್ಧಿಯಿದೆ, ಆದರೆ ನಾಲಗೆಯೂ ಕೈಯೂ ಹೇಳಿದ ಮಾತು ಕೇಳವು. ಮಿದುಳಿನ ಪಾರ್ಶ್ವವಾಯು, ಅಂದರೆ ಸೆರೆಬ್ರಲ್ ಪಾಲ್ಸಿಯುಳ್ಳ ಮಕ್ಕಳ ಸ್ಥಿತಿ ಅನೇಕ ವೇಳೆ ಇದು. ಸನ್ನೆ ಮಾಡಲಾಗದವರಿಗೆ ಹಲಗೆ ಯಾವುದು? 1971ರಲ್ಲಿ ಕೆನಡಾದ ಟೊರೊಂಟೊದಲ್ಲಿ ಶರ್ಲಿ ಮೆಕ್‌ನಾಟನ್ ಎಂಬ ಶಿಕ್ಷಕಿ ಇಂಥ ಮಕ್ಕಳ ಮುಂದೆ ಚಿಹ್ನೆಗಳ ಹಲಗೆ ಇಟ್ಟರು. ಚಾರ್ಲ್ಸ್ ಬ್ಲಿಸ್ ಎಂಬವರು ಇಡೀ ಲೋಕಕ್ಕೊಂದೇ ಬರಹ ಬೇಕೆಂದು ರಚಿಸಿದ ಚಿಹ್ನೆಗಳವು. ಲೋಕ ಅವನ್ನು ಬಳಸಲಿಲ್ಲ, ಈ ಮಕ್ಕಳು ಬಳಸಿದರು! ಬೆರಳು ಆಡದಿದ್ದರೆ ಕಣ್ಣಿನಿಂದಲೇ ತೋರಿಸಿದರು. 1970ರ ದಶಕದ ಆರಂಭದಲ್ಲೇ ಮುಂಬಯಿಯಲ್ಲಿ ಮಿಥು ಅಲೂರ್ ತಮ್ಮ ಮಗಳು ಮಾಲಿನಿಯಂಥ ಮಕ್ಕಳಿಗಾಗಿ ಶಾಲೆ ತೆರೆದರು. ಮಾಲಿನಿ ಚಿಬ್ ಒಂದು ಕಿರುಬೆರಳಿನಿಂದ ಒಂದೊಂದೇ ಅಕ್ಷರ ಒತ್ತುತ್ತಾ ಎರಡು ಸ್ನಾತಕೋತ್ತರ ಪದವಿ ಪಡೆದರು, ಆತ್ಮಕಥೆ ಬರೆದರು. 1980ರಲ್ಲಿ ಬೆಂಗಳೂರಿನಲ್ಲಿ ಸ್ಪಾಸ್ಟಿಕ್ಸ್ ಸೊಸೈಟಿ ಆಫ್ ಕರ್ನಾಟಕ ಹುಟ್ಟಿತು.

ಇವೆಲ್ಲ ದೊಡ್ಡ ಪಟ್ಟಣಗಳ ಮಾತು, ಮುನವಳ್ಳಿಗೇನು ಎಂದು ಕೇಳಬಹುದು. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಸನ್ನೆ, ಬ್ರೈಲ್, ಚಿಹ್ನೆ ಎಲ್ಲವನ್ನೂ ಸಂವಹನವೆಂದೇ ಎಣಿಸುತ್ತದೆ. ಮಾತಿಗೆ ಪೂರಕವಾದ ಇಂಥ ವಿಧಾನಗಳನ್ನು ಶಿಕ್ಷಣದಲ್ಲಿ ಬೆಳೆಸುವುದು ಸರಕಾರದ ಹೊಣೆ ಎನ್ನುತ್ತದೆ. ಮುನವಳ್ಳಿಯ ಶಾಲೆಗಳು ಸವದತ್ತಿ ತಾಲೂಕಿನವು. ಇಂಥ ಮಕ್ಕಳ ಶಿಕ್ಷಣಕ್ಕೆ ನೆರವಾಗುವ ಸಂಪನ್ಮೂಲ ಶಿಕ್ಷಕರ ಬಗ್ಗೆ ತಾಲೂಕಿನ ಶಿಕ್ಷಣಾಧಿಕಾರಿ ಕಚೇರಿಯಲ್ಲಿ ವಿಚಾರಿಸಬೇಕು. ಶಾಲೆಗೆ ಬರಲಾಗದಷ್ಟು ತೀವ್ರ ತೊಂದರೆಯುಳ್ಳ ಮಕ್ಕಳಿಗೆ ಗೃಹಾಧಾರಿತ ಶಿಕ್ಷಣದ ಅವಕಾಶವೂ ಇದೆ.

ಹಲಗೆಗೆ ಬೇಕಾದದ್ದು ಒಂದು ರಟ್ಟು, ಕೆಲವು ಚಿತ್ರಗಳು. ನೀರು, ಹಸಿವು, ನೋವು, ಸಾಕು, ಇನ್ನೂ ಬೇಕು. 'ಬೇಡ' ಎಂಬುದು ಇರಲೇಬೇಕು. ಅದನ್ನು ಬಿಟ್ಟ ಹಲಗೆ ಮಗುವಿನದಲ್ಲ, ದೊಡ್ಡವರದು. ಹೊರದೇಶದ ಅಚ್ಚಿನ ಕಾರ್ಡುಗಳಲ್ಲಿ ಹಿಮದ ಗೊಂಬೆ ಇರುತ್ತದೆ. ಮುನವಳ್ಳಿಯ ಮಗುವಿಗೆ ಬೇಕಾದವು ರೊಟ್ಟಿ, ಎತ್ತು, ಜಾತ್ರೆ, ಮಲಪ್ರಭಾ ಹೊಳೆ. ಟೀಚರು ತಾವು ಮಾತಾಡುವಾಗಲೂ ಅದೇ ಚಿತ್ರಗಳನ್ನು ಮುಟ್ಟಿ ತೋರಿಸಬೇಕು. ಪ್ರಶ್ನೆ ಕೇಳಿದ ಮೇಲೆ ಹತ್ತು ಎಣಿಸುವಷ್ಟಾದರೂ ಸುಮ್ಮನೆ ಕಾಯಬೇಕು, ಇದೇ ಎಲ್ಲಕ್ಕಿಂತ ಕಷ್ಟ. ಹಲಗೆ ಕೊಟ್ಟರೆ ಬರಬಹುದಾದ ಮಾತೂ ಬಾರದೇ ಹೋದೀತೆಂದು ತಾಯಂದಿರು ಹೆದರುತ್ತಾರೆ. ಅಧ್ಯಯನಗಳು ತೋರಿಸಿರುವುದು ಹಾಗಲ್ಲ; ಕೆಲವು ಮಕ್ಕಳಲ್ಲಿ ಮಾತು ಹೆಚ್ಚಿದ್ದೂ ಉಂಟು.

ಮೊದಲ ಪರಮಪ್ರಸಾದದ ತಯಾರಿಗೆ ಮಕ್ಕಳ ಹೆಸರು ಬರೆಸುವಾಗ, ಇವನಿಗೆ ಮಾತು ಬರುವುದಿಲ್ಲ ಫಾದರ್, ಎಂದು ಕೆಲವು ಮನೆಯವರು ಒಂದು ಹೆಸರನ್ನು ಬಿಟ್ಟುಬಿಡುತ್ತಾರೆ. ದಯವಿಟ್ಟು ಆ ಹೆಸರನ್ನೂ ಬರೆಸಿರಿ. ರೊಟ್ಟಿಯ ಚಿತ್ರದ ಪಕ್ಕದಲ್ಲಿ ಪರಮಪ್ರಸಾದದ ಚಿತ್ರವನ್ನೂ ಅಂಟಿಸಿರಿ. ಎರಡನ್ನೂ ಬೇರೆಬೇರೆಯಾಗಿ ಮಗು ಕಣ್ಣಿನಿಂದ ತೋರಿಸಿದರೂ ಅದು ಉತ್ತರವೇ. ಭಾನುವಾರ ಧರ್ಮೋಪದೇಶ ತರಗತಿಗೆ ಬರುವಾಗ ಹಲಗೆಯನ್ನು ಮನೆಯಲ್ಲಿ ಬಿಟ್ಟು ಬರಬೇಡಿರಿ.