ಹಲಸಿಯಿಂದ ನೇತ್ರಾಣಿಗೆ: ಹೂಳು ಮತ್ತು ತಿಳಿನೀರು

ಬೆಳಗಾವಿಯಿಂದ ಜಾಂಬೋಟಿ ದಾಟಿ ಚೋರ್ಲಾ ಘಾಟಿನತ್ತ ಹೊರಟರೆ ಖಾನಾಪುರ ತಾಲ್ಲೂಕಿನ ಕಣಕುಂಬಿ ಸಿಗುತ್ತದೆ. ಮಲಪ್ರಭೆ ಹುಟ್ಟುವುದು ಇಲ್ಲಿ. ಹುಟ್ಟಿದವಳು ಮೂಡಣಕ್ಕೆ ತಿರುಗಿ, ಬಯಲುಸೀಮೆಯನ್ನೆಲ್ಲ ಹಾದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತಾಳೆ. ಇದೇ ತಾಲ್ಲೂಕಿನ ಭೀಮಗಡದ ಕಾಡಿನಲ್ಲಿ ಹುಟ್ಟುವ ಮಹದಾಯಿ ಮಾತ್ರ ಪಡುವಣಕ್ಕೆ ಇಳಿದು, ಗೋವಾದಲ್ಲಿ ಮಾಂಡವಿ ಎನ್ನಿಸಿಕೊಂಡು, ಪಣಜಿಯ ಮುಂದೆ ಕಡಲಿಗೆ ಬೀಳುತ್ತಾಳೆ. ಒಂದೇ ಮುಗಿಲಿನ ಮಳೆ ಎರಡು ಕಡಲಿಗೆ ಹಂಚಿಹೋಗುವ ಜಾಗ ಇದು.

ಈ ನೀರಿನ ಬಗ್ಗೆ ನಮ್ಮ ಕಡೆ ಮಾತು ಬಂದರೆ ಅದು ಕಳಸಾ-ಬಂಡೂರಿಯ ಮಾತೇ. 2018ರಲ್ಲಿ ನ್ಯಾಯಮಂಡಳಿ ಕರ್ನಾಟಕಕ್ಕೆ ಕೊಟ್ಟ 13.42 ಟಿಎಂಸಿಯ ಲೆಕ್ಕ ನಮ್ಮೂರ ಶಾಲೆಯ ಮಕ್ಕಳಿಗೂ ಬಾಯಿಪಾಠ. ನಾನು ಹೇಳಹೊರಟಿರುವುದು ಆ ಲೆಕ್ಕದಲ್ಲಿ ಬರದ ಒಂದು ಸಂಗತಿ. ಘಟ್ಟದ ಹೊಳೆಗಳು ಕಡಲಿಗೆ ನೀರನ್ನಷ್ಟೇ ಒಯ್ಯುವುದಿಲ್ಲ, ಮಣ್ಣನ್ನೂ ಒಯ್ಯುತ್ತವೆ. ಆ ಮಣ್ಣಿನ ಬೆಲೆ ನನಗೆ ಗೊತ್ತಾದದ್ದು ಒಂದು ರಬ್ಬರಿನ ಮುಖವಾಡ ಹಾಕಿಕೊಂಡ ದಿನ.

ಗೆಳೆಯರು ಸೇರಿ ಗೋವಾಕ್ಕೆ ಹೋಗಿದ್ದೆವು. ವಾಸ್ಕೋ ಪಟ್ಟಣದ ಆಚೆ, ಕಡಲಿನಲ್ಲಿರುವ ಗ್ರಾಂಡೆ ದ್ವೀಪಕ್ಕೆ ದೋಣಿಯಲ್ಲಿ ಕರೆದೊಯ್ದು ಸ್ನಾರ್ಕೆಲಿಂಗ್ ಮಾಡಿಸುತ್ತಾರೆ. ಅದಕ್ಕೆ ಈಜು ಬರಲೇಬೇಕೆಂದಿಲ್ಲ. ಎದೆಗೆ ತೇಲುವ ಜಾಕೆಟ್ ಕಟ್ಟಿಕೊಂಡು, ಗಾಜಿನ ಮುಖವಾಡ ತೊಟ್ಟು, ಬಾಯಿಗೆ ಒಂದು ಕೊಳವೆ ಕಚ್ಚಿಕೊಂಡು ನೀರಿನ ಮೇಲೆ ಬೋರಲು ಮಲಗಬೇಕು. ಕೊಳವೆಯ ತುದಿ ಮೇಲಿರುವುದರಿಂದ ಉಸಿರಿಗೆ ತೊಂದರೆಯಿಲ್ಲ, ಕಣ್ಣು ಕೆಳಗಿನ ಲೋಕ ನೋಡುತ್ತಿರುತ್ತದೆ. ನಾನು ಹಾಗೆಯೇ ಮಲಗಿದೆ. ಕಂಡದ್ದು ಪಾಚಿ ಬಣ್ಣದ ಮಬ್ಬು. ದೋಣಿಯವನು ಬ್ರೆಡ್ಡು ಚೂರು ಮಾಡಿ ಎಸೆದಾಗ ನಾಲ್ಕಾರು ಪಟ್ಟೆ ಮೀನು ಬಂದು, ತಿಂದು, ಮಬ್ಬಿನೊಳಗೆ ಹೊರಟುಹೋದವು. ಮೇಲೆ ಬಂದಾಗ ಗೆಳೆಯ ಕೇಳಿದ, “ಏನ್ ಕಂಡ್ತಲೇ?” “ನನ್ನ ಕೈ ಕಂಡ್ತು” ಅಂದೆ. ಊರಿಗೆ ಬಂದ ಮೇಲೂ ಎಷ್ಟೋ ದಿನ ಇದೇ ಮಾತು ಹೇಳಿ ನಗುತ್ತಿದ್ದರು.

ದ್ವೀಪದ ತಪ್ಪೇನೂ ಇರಲಿಲ್ಲ. ಗ್ರಾಂಡೆಯ ಸುತ್ತ ಹವಳ ಇದೆ, ಮೀನೂ ಇದೆ. ಆದರೆ ಅದು ಜುವಾರಿ ಅಳಿವೆಯ ಬಾಯಲ್ಲೇ ಕುಳಿತಂತಿದೆ. ಮಾಂಡವಿಯ ಅಳಿವೆಯೂ ಮಗ್ಗುಲಲ್ಲೇ. ಎರಡು ನದಿಗಳು ಸಹ್ಯಾದ್ರಿಯಿಂದ ತಂದ ಮಣ್ಣು ಮಳೆಗಾಲ ಮುಗಿದು ತಿಂಗಳುಗಳಾದರೂ ನೀರಿನಲ್ಲಿ ತೇಲುತ್ತಿರುತ್ತದೆ, ತಳಕ್ಕೆ ಕೂತದ್ದನ್ನು ಅಲೆಗಳು ಮತ್ತೆ ಕದಡುತ್ತವೆ. 2012ರಲ್ಲಿ ಗಣಿಗಾರಿಕೆ ನಿಲ್ಲುವವರೆಗೆ ಕಬ್ಬಿಣದ ಅದಿರಿನ ಬಾರ್ಜುಗಳು ಈ ನದಿಗಳಲ್ಲೇ ಸಾಲುಗಟ್ಟಿ ಮೊರ್ಮುಗಾವ್ ಬಂದರಿಗೆ ಇಳಿಯುತ್ತಿದ್ದವು. ಗಣಿಯ ಕೆಂಪು ಮಣ್ಣೂ ಮಳೆಯಲ್ಲಿ ಕೊಚ್ಚಿ ಅದೇ ದಾರಿ ಹಿಡಿದಿತ್ತು.

ಹೂಳಿನ ಈ ಕಥೆ ಗಣಿಗಿಂತ ಬಹಳ ಹಳೆಯದು. ಅದರ ಒಂದು ತುದಿ ಖಾನಾಪುರದಲ್ಲೇ ಇದೆ. ಸಂಗೊಳ್ಳಿ ರಾಯಣ್ಣನ ಸಮಾಧಿಯಿರುವ ನಂದಗಡವನ್ನು ದಾಟಿ ಮುಂದೆ ಹೋದರೆ ಹಲಸಿ. ಕದಂಬ ದೊರೆ ಕಾಕುಸ್ಥವರ್ಮನ ಕಾಲದಿಂದ ಹಿಡಿದು ಹಲವು ತಾಮ್ರಪಟಗಳು ಸಿಕ್ಕ ಊರು. ಅವನ್ನು ಓದಿ ಪ್ರಕಟಿಸಿದವರು ಜೆ. ಎಫ್. ಫ್ಲೀಟ್. ನಂತರದ ಶತಮಾನಗಳಲ್ಲಿ ಗೋವಾದ ಕದಂಬರಿಗೆ ಇದು ಎರಡನೇ ರಾಜಧಾನಿಯಾಯಿತು. ಅಲ್ಲಿನ ಭೂವರಾಹ ನರಸಿಂಹ ದೇವಾಲಯ 12ನೇ ಶತಮಾನದ್ದು, ಪೆರ್ಮಾಡಿಯ ಆಳ್ವಿಕೆಯ ಕಾಲದ್ದು. ಇವರು ಆಳಿದ ನಾಡು ಪಲಸಿಗೆ ಹನ್ನೆರಡು ಸಾವಿರ ಮತ್ತು ಕೊಂಕಣ ಒಂಬೈನೂರು. ಪಲಸಿಗೆಯೇ ಇಂದಿನ ಹಲಸಿ. ಒಂದು ಕಾಲು ಘಟ್ಟದ ಮೇಲೆ, ಒಂದು ಕಾಲು ಕಡಲಲ್ಲಿ. ಹಡಗುಗಳ ಬಲವಿದ್ದ ಅರಸುಮನೆ ಅದು. ಅವರ ದೊಡ್ಡ ಬಂದರು ಜುವಾರಿ ದಡದ ಗೋಪಕಪಟ್ಟಣ, ಈಗಿನ ಗೋವಾ ವೆಲ್ಹಾ.

ಆ ಬಂದರು ಉಳಿಯಲಿಲ್ಲ. ಯುದ್ಧಗಳ ಪೆಟ್ಟು ಬಿತ್ತು ನಿಜ, ಅದರ ಜೊತೆಗೆ ನದಿಯ ಹೂಳೂ ಬಂದರನ್ನು ಮುಚ್ಚುತ್ತ ಬಂತು. ವ್ಯಾಪಾರ ಮಾಂಡವಿಯ ದಡಕ್ಕೆ, ಇಂದಿನ ಹಳೇ ಗೋವಾಕ್ಕೆ ಸರಿಯಿತು. ಘಟ್ಟವನ್ನೂ ಕಡಲನ್ನೂ ಒಟ್ಟಿಗೆ ಆಳಿದವರ ಬಂದರನ್ನು ಘಟ್ಟದ ಮಣ್ಣೇ ಮುಚ್ಚಿತು. ಬೆಳಗಾವಿ ಬಸ್ ನಿಲ್ದಾಣದಲ್ಲಿ ನಿಲ್ಲುವ ಗೋವಾ ಬಸ್ಸಿನ ಮೈಮೇಲೆ ‘ಕದಂಬ’ ಎಂದು ಬರೆದಿರುವುದನ್ನು ದಿನಾ ನೋಡುತ್ತೇವೆ. ಆ ಹೆಸರು ಹಲಸಿಯಿಂದಲೂ ಹಾದುಹೋಗಿದೆ ಎಂದು ಹೇಳಿದರೆ ಪಕ್ಕದ ಸೀಟಿನವರು ಈಗಲೂ ಅಚ್ಚರಿಪಡುತ್ತಾರೆ.

ಮಬ್ಬು ನೀರಿನ ತಳದಲ್ಲಿ ಏನೂ ಇಲ್ಲವೆಂದೂ ತಿಳಿಯಬಾರದು. ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯ ಪುರಾತತ್ವಜ್ಞರು ಗೋವಾ ಕಡಲಿನ ಸೇಂಟ್ ಜಾರ್ಜ್ ಬಂಡೆಸಾಲಿನಲ್ಲಿ ಮುಳುಗಿ, ಒಡೆದ ಹಡಗೊಂದರ ಸರಕನ್ನು ಪತ್ತೆಮಾಡಿದ್ದಾರೆ. ಅದರಲ್ಲಿದ್ದದ್ದು ಚಿನ್ನವಲ್ಲ, ಹೆಂಚು. ಹೆಂಚಿನ ಮೇಲೆ ಬಾಸೆಲ್ ಮಿಶನ್ ಕಾರ್ಖಾನೆಯ ಹೆಸರು ಮತ್ತು 1865 ಎಂಬ ಇಸವಿ. ಮಂಗಳೂರಿನಲ್ಲಿ ಆ ಕಾರ್ಖಾನೆ ಶುರುವಾದ ವರ್ಷ ಅದು, ಹಾಗಾಗಿ ಹಡಗು ಮುಳುಗಿದ್ದು ಅದಕ್ಕಿಂತ ಈಚೆಗೆ. ಹೆಂಚಿಗೂ ಮಡಕೆಗೂ ಹೆಸರಾದ ಖಾನಾಪುರದ ಕಡೆಯವನಾದ ನನಗೆ ಈ ಸುದ್ದಿ ಓದಿ ಹೊಟ್ಟೆ ತುಂಬಿದಂತಾಯಿತು. ಯಾರದೋ ಮನೆಯ ಮಾಡಿಗೆ ಹೋಗಬೇಕಾಗಿದ್ದ ಹೆಂಚು ಮೀನುಗಳ ಮನೆಯಾಗಿದೆ.

ಗ್ರಾಂಡೆಯಿಂದ ತೆಂಕಣಕ್ಕೆ ಬಂದರೆ, ಕಾರವಾರದ ಎದುರಿಗೆ ಅಂಜದೀವ್. ಈ ದ್ವೀಪದ ಇತಿಹಾಸ ಉಳಿದೆಲ್ಲ ದ್ವೀಪಗಳನ್ನು ಸೇರಿಸಿದರೂ ಮಿಕ್ಕುವಷ್ಟಿದೆ. ಕಾರಣ ಒಂದೇ: ಅಲ್ಲಿ ಸಿಹಿನೀರಿದೆ, ಹಡಗು ನಿಲ್ಲಿಸಲು ಆಸರೆಯಿದೆ. 14ನೇ ಶತಮಾನದಲ್ಲಿ ಇಬ್ನ್ ಬತೂತ ಗುಡಿ, ತೋಟ, ನೀರಿನ ಕೆರೆ ಇರುವ ಒಂದು ಸಣ್ಣ ದ್ವೀಪದಲ್ಲಿ ಜೋಗಿಯೊಬ್ಬನನ್ನು ಕಂಡೆ ಎಂದು ಬರೆದ. ಅದು ಅಂಜದೀವ್ ಎಂದೇ ಹಲವು ವಿದ್ವಾಂಸರ ಊಹೆ. 1498ರ ಸೆಪ್ಟೆಂಬರ್ ಕೊನೆಯಲ್ಲಿ ವಾಸ್ಕೋ ಡ ಗಾಮ ಊರಿಗೆ ಮರಳುವ ಮುನ್ನ ಇಲ್ಲಿ ನಿಂತು ನೀರು ತುಂಬಿಸಿಕೊಂಡ, ಹಡಗನ್ನು ವಾಲಿಸಿ ತಳಕ್ಕೆ ಅಂಟಿದ್ದನ್ನು ಕೆರೆಸಿದ. ಗೋವಾದ ಆದಿಲ್‌ಶಾಹಿ ಒಡೆಯನ ಸೇವೆಯಲ್ಲಿದ್ದ ಯಹೂದಿಯೊಬ್ಬ ಮಾತಾಡಿಸಲು ಬಂದಾಗ ಅವನನ್ನು ಹಿಡಿದು ಹೊಡೆದು ಬಾಯಿ ಬಿಡಿಸಿದ್ದೂ ಇಲ್ಲೇ. ಆತ ಮುಂದೆ ಗ್ಯಾಸ್ಪರ್ ಡ ಗಾಮ ಎಂಬ ಹೆಸರಿನಲ್ಲಿ ಪೋರ್ಚುಗೀಸರಿಗೇ ದುಭಾಷಿಯಾದ. 1505ರಲ್ಲಿ ಅಲ್ಮೇಡ ಇಲ್ಲಿ ಕೋಟೆ ಕಟ್ಟಿಸಿದ, ಮರುವರ್ಷವೇ ಅದನ್ನು ಕೈಬಿಟ್ಟರು.

ಇನ್ನೊಂದು ಪ್ರಸಂಗ ಬೆಳಗಾವಿಯವರಿಗೆ ಸ್ವಲ್ಪ ಹತ್ತಿರದ್ದು. 1662ರಲ್ಲಿ ಮುಂಬಯಿಯನ್ನು ವಶಕ್ಕೆ ತೆಗೆದುಕೊಳ್ಳಲು ಅಬ್ರಹಾಂ ಶಿಪ್‌ಮನ್ ಎಂಬ ಇಂಗ್ಲಿಷ್ ಅಧಿಕಾರಿ ನಾನೂರಕ್ಕೂ ಹೆಚ್ಚು ಸೈನಿಕರೊಡನೆ ಬಂದ. ಅರಸನ ಮದುವೆಗೆ ವರದಕ್ಷಿಣೆಯಾಗಿ ಬಂದಿದ್ದ ಊರದು. ಅಲ್ಲಿದ್ದ ಪೋರ್ಚುಗೀಸ್ ಅಧಿಕಾರಿಗಳು ಬಿಟ್ಟುಕೊಡಲಿಲ್ಲ. ಹೋಗಲು ಬೇರೆ ಜಾಗವಿಲ್ಲದೆ ಆ ಪಡೆ ಅಂಜದೀವ್‌ನಲ್ಲಿ ಇಳಿಯಿತು. ಜ್ವರಕ್ಕೆ, ಹಸಿವಿಗೆ ಒಬ್ಬೊಬ್ಬರಾಗಿ ಸತ್ತರು. 1664ರಲ್ಲಿ ಶಿಪ್‌ಮನ್ನನೂ ಸತ್ತ. 1665ರಲ್ಲಿ ಹಂಫ್ರಿ ಕುಕ್ ಮುಂಬಯಿಗೆ ಕಾಲಿಟ್ಟಾಗ ಜೊತೆಗಿದ್ದವರು ನೂರರ ಆಸುಪಾಸು. 1956ರವರೆಗೆ ನಮ್ಮ ಜಿಲ್ಲೆಯ ಕಡತಗಳು ಯಾವ ಮುಂಬಯಿಗೆ ಹೋಗುತ್ತಿದ್ದವೋ ಆ ಮುಂಬಯಿಯ ಮೊದಲ ಇಂಗ್ಲಿಷ್ ದಂಡಿನ ಹೆಚ್ಚಿನವರು ಮಣ್ಣಾದದ್ದು ಈ ದ್ವೀಪದಲ್ಲಿ.

1961ರ ಡಿಸೆಂಬರಿನಲ್ಲಿ ಗೋವಾ ವಿಮೋಚನೆಗೆ ಸೇನೆ ಜಮಾಯಿಸಿದ್ದು ಬೆಳಗಾವಿಯಲ್ಲಿ. ಒಂದು ದಳ ಅನಮೋಡ ಘಟ್ಟ ಇಳಿದು ಗೋವಾದತ್ತ ಹೋಯಿತು. ಅದೇ ಹೊತ್ತಿಗೆ ಐಎನ್‌ಎಸ್ ತ್ರಿಶೂಲ್, ಐಎನ್‌ಎಸ್ ಮೈಸೂರು ಹಡಗುಗಳು ಅಂಜದೀವ್ ಮುಂದೆ ಬಂದು ನಿಂತವು. ಅದನ್ನು ಗೆಲ್ಲುವಾಗ ಏಳು ಮಂದಿ ನಾವಿಕರು ಪ್ರಾಣ ಕೊಟ್ಟರು. ಇಂದು ದ್ವೀಪ ನೌಕಾಪಡೆಯ ವಶದಲ್ಲಿದೆ, ದಡದಿಂದ ಅಲೆತಡೆ ಗೋಡೆ ಕಟ್ಟಿ ಜೋಡಿಸಿದ್ದಾರೆ. ನೆಲೆಯ ಹೆಸರು ಐಎನ್‌ಎಸ್ ಕದಂಬ. ಹೆಸರು ಮತ್ತೆ ಕಡಲಿಗೆ ಬಂದಿದೆ, ನಮಗೆ ಮಾತ್ರ ಅಲ್ಲಿ ಪ್ರವೇಶವಿಲ್ಲ. ಎಲ್ಲರಿಗೂ ಬೇಕಾದ ದ್ವೀಪ ಯಾರೂ ಸುಮ್ಮನೆ ಹೋಗಿ ನೋಡಲಾಗದ ದ್ವೀಪವಾಯಿತು. ಹತ್ತಿರದ ಕೂರ್ಮಗಡ, ದೇವಬಾಗ್‌ಗಳಿಗೆ ಹೋಗಬಹುದು. ಆದರೆ ಅಲ್ಲಿ ಕಾಳಿ ನದಿಯ ಅಳಿವೆ ಇದೆ, ಮತ್ತೆ ಅದೇ ಮಬ್ಬು. ಡಾಲ್ಫಿನ್ ನೋಡಲು ಚೆಂದ, ಮುಖ ಅದ್ದಲು ಅಲ್ಲ.

ಮಲ್ಪೆಯ ಎದುರಿನ ಸೇಂಟ್ ಮೇರಿಸ್ ಬಗ್ಗೆ ಎರಡೇ ಮಾತು. ಅಲ್ಲಿ ನೋಡಬೇಕಾದ್ದು ನೀರಿನ ಮೇಲಿದೆ. ಮಡಗಾಸ್ಕರ್ ನಮ್ಮಿಂದ ಬೇರೆಯಾದ ಕಾಲದ, ಸುಮಾರು 8.8 ಕೋಟಿ ವರ್ಷ ಹಳೆಯ ಲಾವಾ ತಣ್ಣಗಾಗಿ ನಿಂತ ಕಂಬಗಳು. ಸ್ನಾರ್ಕೆಲ್ ಚೀಲ ಹೊತ್ತು ಅಲ್ಲಿಗೆ ಹೋಗುವುದು ಕೋಲಾರದ ಗಣಿಗೆ ಗಾಳ ಹೊತ್ತು ಹೋದ ಹಾಗೆ.

ಉಳಿದದ್ದು ನೇತ್ರಾಣಿ. ಮುರುಡೇಶ್ವರದಿಂದ ಹತ್ತೊಂಬತ್ತು ಕಿಲೋಮೀಟರಿನಷ್ಟು ಆಚೆ, ಒಂದು ಗಂಟೆಗೂ ಮೀರಿದ ದೋಣಿ ದಾರಿ. ಬ್ರಿಟಿಷರ ನಕ್ಷೆಯಲ್ಲಿ ಇದು ಪಾರಿವಾಳಗಳ ದ್ವೀಪ, ‘ಪಿಜನ್ ಐಲ್ಯಾಂಡ್’. ಸುತ್ತ ಕಡಿದಾದ ಬಂಡೆ. ಹಡಗಿಗೆ ಆಸರೆಯಿಲ್ಲ, ಕೋಟೆ ಕಟ್ಟುವ ಮನಸ್ಸು ಯಾರಿಗೂ ಬರಲಿಲ್ಲ. ಅಂಜದೀವ್‌ಗಾಗಿ ಹೊಡೆದಾಡಿದವರೆಲ್ಲ ನೇತ್ರಾಣಿಯನ್ನು ದೂರದಿಂದ ನೋಡಿ ದಾಟಿಹೋದರು. ಅಲ್ಲಿಗೆ ಹೋಗುತ್ತಿದ್ದವರು ಮೀನುಗಾರರು, ಅದೂ ಹರಕೆ ತೀರಿಸಲು. ಅವರು ಬಿಟ್ಟುಬಂದ ಆಡುಗಳು ಕಾಡಾಡುಗಳಾಗಿ ಬಂಡೆಯ ಮೇಲೆ ಓಡಾಡುತ್ತವೆ. ಬಿಳಿಹೊಟ್ಟೆಯ ಕಡಲಹದ್ದು ಮರದ ತುದಿಯಲ್ಲಿ ಗೂಡು ಕಟ್ಟುತ್ತದೆ.

ಯಾವ ದೊಡ್ಡ ನದಿಯ ಬಾಯಿಯೂ ಇದರ ಎದುರಿಗಿಲ್ಲ. ಹೊಳೆಗಳು ತಂದ ಮಣ್ಣು ಇಷ್ಟು ದೂರ ಬರುವ ಮೊದಲೇ ತಳ ಸೇರುತ್ತದೆ. ಡಿಸೆಂಬರಿನ ಒಂದು ಬೆಳಿಗ್ಗೆ ಅಲ್ಲಿ ಬೋರಲು ಮಲಗಿದಾಗ ನನಗೆ ಮೊದಲು ಆದದ್ದು ಹೆದರಿಕೆ. ನೀರು ಇದೆಯೆಂದೇ ಅನ್ನಿಸಲಿಲ್ಲ, ಎತ್ತರದ ಕಟ್ಟಡದ ಮಾಳಿಗೆಯಿಂದ ಬಗ್ಗಿ ನೋಡಿದ ಹಾಗಿತ್ತು. ಕೆಳಗೆ ದೊಡ್ಡ ಬಂಡೆಗಳು, ಅವುಗಳ ಮೇಲೆ ಹವಳ, ಹವಳವನ್ನು ಕಟಕಟ ಕಡಿಯುವ ಗಿಳಿಮೀನು, ಜೋಡಿಜೋಡಿಯಾಗಿ ಸುಳಿಯುವ ಚಿಟ್ಟೆಮೀನು. ಕಡಿಯುವ ಸದ್ದು ಕೂಡ ಕೇಳುತ್ತದೆ! ಹೊಸಬರಿಗೆ ಇಲ್ಲಿ ಕಷ್ಟವೂ ಇದೆ. ಆಳ ಬೇಗ ಹೆಚ್ಚುತ್ತದೆ, ಅಲೆ ಎತ್ತಿ ಹಾಕುತ್ತದೆ, ದೋಣಿಯಲ್ಲಿ ವಾಂತಿ ಮಾಡಿಕೊಳ್ಳದವರು ಕಡಿಮೆ. ಮಕ್ಕಳೊಂದಿಗೆ ಹೋಗುವವರಿಗೆ ಗ್ರಾಂಡೆಯೇ ವಾಸಿ. ನೋಡಲೇಬೇಕೆನ್ನುವವರಿಗೆ ನಮ್ಮ ಕಡಲಿನಲ್ಲಿ ನೇತ್ರಾಣಿಗೆ ಸಾಟಿ ಇಲ್ಲ.

ಬೇಡವಾದ ದ್ವೀಪ ಎಂಬುದೇ ಅದನ್ನು ಇಷ್ಟು ಕಾಲ ಕಾಯಿತು. ಆದರೆ ಅದೇ ಕಾರಣಕ್ಕೆ ಅದಕ್ಕೆ ಪೆಟ್ಟೂ ಬಿತ್ತು. ಜನವಿಲ್ಲದ ಬಂಡೆ ಎಂದು ನೌಕಾಪಡೆ ಇದನ್ನು ಗುಂಡಿನ ಅಭ್ಯಾಸದ ಗುರಿಯಾಗಿ ಬಳಸಿತು, ಸಿಡಿಯದೆ ಉಳಿದ ಶೆಲ್‌ಗಳು ಅಲ್ಲಿ ಸಿಕ್ಕಿವೆ. ಪರಿಸರದವರೂ ಮೀನುಗಾರರೂ ಇದನ್ನು ವಿರೋಧಿಸುತ್ತಲೇ ಬಂದಿದ್ದಾರೆ. ಅಂಜದೀವ್‌ನಲ್ಲಿ ಏಳು ನಾವಿಕರ ಬಲಿದಾನಕ್ಕೆ ತಲೆಬಾಗುವ ನಾನು ಈ ವಿಷಯದಲ್ಲಿ ಮೀನುಗಾರರ ಕಡೆಗಿದ್ದೇನೆ. ಎರಡಕ್ಕೂ ಜಗಳವಿದೆ ಎಂದು ನನಗನ್ನಿಸುವುದಿಲ್ಲ.

ಈಗ ಹೊಸ ಪೆಟ್ಟು ಪ್ರೀತಿಯಿಂದ ಬರುತ್ತಿದೆ. ಪುನೀತ್ ರಾಜ್‌ಕುಮಾರ್ ಇಲ್ಲಿ ಮುಳುಗಿದ್ದನ್ನು ‘ಗಂಧದ ಗುಡಿ’ಯ ನೆಪದಲ್ಲಿ ನಾಡೆಲ್ಲ ಕೇಳಿತು. ರಜೆ ಬಂದರೆ ದೋಣಿಗಳ ಸಾಲು. ನಾನು ಹೋದ ದಿನ ಒಂದು ದೋಣಿ ಲಂಗರನ್ನು ನೇರ ಹವಳದ ಮೇಲೆಯೇ ಇಳಿಸಿತು. ಮುಖವಾಡದೊಳಗಿಂದ ನೋಡುತ್ತಿದ್ದೆ. ಕಬ್ಬಿಣ ತಾಗಿದ ಕಡೆ ಬಿಳಿ ಪುಡಿ ಎದ್ದಿತು, ಮೀನುಗಳು ಚದುರಿದವು, ಪುಡಿ ನಿಧಾನಕ್ಕೆ ತಳಕ್ಕೆ ಕೂತಿತು. ಅಂಥ ಹವಳ ಬೆಳೆಯುವುದು ವರ್ಷಕ್ಕೆ ಬೆರಳ ಗಾತ್ರದ ಲೆಕ್ಕದಲ್ಲಿ. ನಮ್ಮ ದೋಣಿಯವರು, ಐವತ್ತು ದಾಟಿದ ಮೀನುಗಾರರು, ಕೂಗಿ ಬೈದರು. ಆ ಕಡೆಯವರು ಕೈ ಬೀಸಿ ನಕ್ಕರು. “ನಮ್ ಅಪ್ಪ ಇಲ್ಲಿ ಕಲ್ಲಿಗೂ ಕೈ ಮುಗ್ದು ಬಲೆ ಬಿಡ್ತಿದ್ರು ಸರ್” ಎಂದಷ್ಟೇ ಹೇಳಿ ಅವರು ಎಂಜಿನ್ ಶುರುಮಾಡಿದರು.

ಕಳೆದ ಜೂನ್ ಮೊದಲ ವಾರ ಕಣಕುಂಬಿಯಲ್ಲಿದ್ದೆ. ಹಿಂದಿನ ರಾತ್ರಿ ಜೋರು ಮಳೆಯಾಗಿತ್ತು. ರಸ್ತೆಯ ಎರಡೂ ಬದಿ ಕೆಂಪು ನೀರು ಓಡುತ್ತಿತ್ತು, ಒಂದು ಚರಂಡಿ ಈ ಕಡೆಗೆ, ಇನ್ನೊಂದು ಆ ಕಡೆಗೆ. ಚಹಾ ಕುಡಿಯುತ್ತ ಮುರುಡೇಶ್ವರಕ್ಕೆ ಫೋನು ಹಚ್ಚಿದೆ. “ದೋಣಿ ಮೇಲೆ ಹಾಕಾಯ್ತು ಸರ್” ಅಂದರು, “ಇನ್ನು ನವರಾತ್ರಿ ಕಳೆದ್ಮೇಲೆ ಬನ್ನಿ.”