ಊರಾಚೆಯ ಗುಡಿಸಲು, ಶೀಟಿನ ಮನೆ

ಪ್ಲೇಗು ಬೆಂಗಳೂರಿಗೆ ಬಂದದ್ದು ರೈಲಿನಲ್ಲಿ. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ರೋಗ ಹುಬ್ಬಳ್ಳಿಯನ್ನು ಹಾದು 1898ರ ಆಗಸ್ಟ್‌ನಲ್ಲಿ ಇಲ್ಲಿನ ರೈಲು ನಿಲ್ದಾಣದ ಆಸುಪಾಸಿನಲ್ಲಿ ತಲೆಯೆತ್ತಿತು. ನೋಡನೋಡುತ್ತಿದ್ದಂತೆ ಪೇಟೆಯ ಗಲ್ಲಿಗಳಿಗೂ ದಂಡಿನ ಬೀದಿಗಳಿಗೂ ಹಬ್ಬಿತು. ಆಗ ಮೈಸೂರಿನ ದಿವಾನರಾಗಿದ್ದವರು ಕೆ. ಶೇಷಾದ್ರಿ ಅಯ್ಯರ್. ಪ್ಲೇಗ್ ಕಮಿಷನರ್ ಆಗಿ ನಿಂತವರು ವಿ. ಪಿ. ಮಾಧವರಾವ್.

ಅಂದಿನ ಕ್ರಮಗಳು ಕಟುವಾಗಿದ್ದವು. ಮನೆಮನೆ ಹೊಕ್ಕು ತಪಾಸಣೆ, ಗಾಳಿ ಬೆಳಕು ಬೀಳಲೆಂದು ಚಾವಣಿಯ ಹೆಂಚು ತೆಗೆಸುವುದು, ಗೋಡೆಗೆ ಸುಣ್ಣ ಬಳಿಯುವುದು, ರೋಗಿಯ ಬಟ್ಟೆಬರೆ ಸುಡುವುದು. ರೋಗಿ ಆಸ್ಪತ್ರೆಗೆ ಹೋದರೆ ಮನೆಯ ಉಳಿದವರು ಊರ ಹೊರಗಿನ ಶಿಬಿರಕ್ಕೆ. ಗಂಡಸರು ಬಂದು ಹೆಂಗಸರನ್ನು ಮುಟ್ಟಿ ನೋಡುತ್ತಾರೆಂಬ ಅವಮಾನ, ಶಿಬಿರದಲ್ಲಿ ಯಾರು ಬೇಯಿಸಿದ್ದನ್ನು ಯಾರು ಉಣ್ಣಬೇಕೆಂಬ ಜಾತಿಯ ಪ್ರಶ್ನೆ, ಒಮ್ಮೆ ಕರೆದೊಯ್ದರೆ ಹಿಂದಿರುಗುವುದಿಲ್ಲವೆಂಬ ಭಯ, ಇವೆಲ್ಲ ಸೇರಿ ಜನ ರೋಗಕ್ಕಿಂತ ಹೆಚ್ಚಾಗಿ ಶಿಬಿರಕ್ಕೆ ಹೆದರಿದರು. ಪುಣೆಯಲ್ಲಿ ಪ್ಲೇಗ್ ಅಧಿಕಾರಿ ರ‍್ಯಾಂಡ್‌ನ ಮೇಲೆ ಚಾಪೇಕರ್ ಸಹೋದರರು ಗುಂಡು ಹಾರಿಸಿದ್ದು 1897ರ ಜೂನ್‌ನಲ್ಲಿ. ಮರುವರ್ಷ ಶ್ರೀರಂಗಪಟ್ಟಣದ ಪಕ್ಕದ ಗಂಜಾಮಿನಲ್ಲೂ ಪ್ಲೇಗ್ ನಿಯಮಗಳ ವಿರುದ್ಧ ಗಲಭೆಯೆದ್ದಿತು.

ಆ ದಿನಗಳ ಬೆಂಗಳೂರಿನಲ್ಲಿ ಪ್ಲೇಗ್ ಕೆಲಸಕ್ಕೆ ಹೆಗಲು ಕೊಟ್ಟ ವೈದ್ಯರಲ್ಲಿ ಡಾ. ಪಲ್ಪು ಒಬ್ಬರು. ಈಳವ ಜಾತಿಯವರೆಂಬ ಕಾರಣಕ್ಕೆ ತಿರುವಾಂಕೂರು ಅವರಿಗೆ ಸರ್ಕಾರಿ ಕೆಲಸ ಕೊಡಲಿಲ್ಲ. ಮೈಸೂರು ಕೊಟ್ಟಿತು. ಹುಟ್ಟಿದ ನಾಡಿನಲ್ಲಿ ದೂರ ನಿಲ್ಲಿಸಿಕೊಂಡ ಮನುಷ್ಯ ಇಲ್ಲಿ, ಎಲ್ಲರೂ ದೂರವಿಟ್ಟ ರೋಗಿಗಳ ನಡುವೆ ನಿಂತು ದುಡಿದದ್ದು ಬೆಂಗಳೂರು ಇನ್ನೂ ಹೆಚ್ಚಾಗಿ ನೆನೆಯಬೇಕಾದ ಸಂಗತಿ.

ಸರ್ಕಾರದ ಶಿಬಿರಕ್ಕೆ ಹೆದರಿದ ಇದೇ ಜನರಿಗೆ ಊರು ಬಿಟ್ಟು ಹೊರಗಿರುವುದು ಹೊಸದೇನಾಗಿರಲಿಲ್ಲ. ಹಳೇ ಮೈಸೂರಿನ ಹಳ್ಳಿಗಳಲ್ಲಿ ಪ್ಲೇಗು ಪದೇಪದೇ ಮರುಕಳಿಸಿದ ದಶಕಗಳಲ್ಲಿ ಮೊದಲ ಸೂಚನೆ ಕೊಡುತ್ತಿದ್ದದ್ದು ಇಲಿ. ಅಟ್ಟದಿಂದಲೋ ಸೂರಿನಿಂದಲೋ ಇಲಿ ಸತ್ತು ಬಿತ್ತೆಂದರೆ ಊರು ಬಿಡಲು ಕಾಯುವಂತಿರಲಿಲ್ಲ. ಹೊಲದಲ್ಲೋ ತೋಪಿನಲ್ಲೋ ತೆಂಗಿನ ಸೋಗೆ, ಬಿದಿರಿನ ಗುಡಿಸಲೇಳುತ್ತಿತ್ತು. ಪಾತ್ರೆ ಪಡಗ, ರಾಗಿ ಚೀಲ, ದನಕರು, ಮುದುಕರು, ಮಕ್ಕಳು ಎಲ್ಲವೂ ಅಲ್ಲಿಗೆ. ಊರಿನ ಮನೆಗಳು ತಿಂಗಳುಗಟ್ಟಲೆ ಖಾಲಿ ಬಿದ್ದಿರುತ್ತಿದ್ದವು. ಎಸ್. ಎಲ್. ಭೈರಪ್ಪನವರ ‘ಗೃಹಭಂಗ’ ಓದಿದವರಿಗೆ ಈ ಚಿತ್ರ ಮರೆಯುವಂಥದ್ದಲ್ಲ. ತಾಯಿ ಮಕ್ಕಳ ಮೇಲೆ ಪ್ಲೇಗು ಎರಗುವ ಆ ಪುಟಗಳ ಹಿಂದೆ ಲೇಖಕರ ಸ್ವಂತ ಮನೆಯ ಸಾವುಗಳಿವೆ. ಊರಿಗೆ ಊರೇ ಹೊರಗೆ ಹೋಗಿ ಒಲೆ ಹೂಡುವ ‘ಹೊರಬೀಡು’ ಎಂಬ ಆಚರಣೆ ಹಳೇ ಮೈಸೂರಿನ ಕೆಲವೆಡೆ ಉಳಿದುಕೊಂಡಿದೆ.

ಈ ಪದ್ಧತಿಯ ಒಳಗೊಂದು ವಿವೇಕವಿತ್ತು. ರೋಗ ಇರುವುದು ಮನೆಯಲ್ಲಿ, ಹಾಗಾಗಿ ಬಯಲಿಗೆ ಹೋಗು ಎಂಬುದು ಅದರ ತಿರುಳು. ಪ್ಲೇಗಿನ ಮಟ್ಟಿಗೆ ಇದು ಸರಿಯೇ ಆಗಿತ್ತು, ಏಕೆಂದರೆ ರೋಗ ಹೊತ್ತ ಚಿಗಟ ಇಲಿಯ ಬೆನ್ನು ಹತ್ತಿ ಮನೆಯೊಳಗೇ ಇರುತ್ತಿತ್ತು. ಜೊತೆಗೆ, ಹೊರಗೆ ಹೋದವನ ಕೆಲಸ ನಿಲ್ಲುತ್ತಿರಲಿಲ್ಲ. ಗುಡಿಸಲಿನ ಮುಂದೆಯೇ ಹೊಲ, ಕಣ್ಣಳತೆಯಲ್ಲೇ ದನ. ಸಾವು ನೋವುಗಳ ನಡುವೆಯೂ ದಿನದ ಬದುಕಿಗೊಂದು ನಡೆ ಇತ್ತು.

ನಗರ ಕಟ್ಟಿದವರೂ ಆಗ ಇದೇ ಪಾಠ ಕಲಿತರು. ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳು ಪ್ಲೇಗಿನ ಹೊತ್ತಿನಲ್ಲೇ ತುಂಬತೊಡಗಿದವು. ಅಗಲ ರಸ್ತೆ, ಮನೆಗಳ ಹಿಂದೆ ಕಸ ಸಾಗಿಸಲು ಸಂದಿ, ಗಾಳಿಗೆ ತೆರೆದ ನಿವೇಶನ. ದಂಡಿನ ಕಡೆ ಜೆ. ಎಚ್. ಸ್ಟೀಫನ್ಸ್ ಎಂಬ ಅಧಿಕಾರಿ ಇಲಿ ನುಗ್ಗದಂಥ ಮನೆಗಳನ್ನು ಯೋಜಿಸಿದ. ಫ್ರೇಜರ್ ಟೌನ್ ಹುಟ್ಟಿದ್ದು ಹಾಗೆ. ಆ ಅನುಭವವನ್ನು ಆತ 1914ರಲ್ಲಿ ಪುಸ್ತಕವಾಗಿಯೇ ಬರೆದ. ರೋಗ ಬಂದಾಗ ಮನೆ ಹೇಗಿರಬೇಕೆಂದು ಯೋಚಿಸಿದ ಕಾಲ ಅದು. ಪ್ಲೇಗು ಮಾತ್ರ ಅಷ್ಟು ಬೇಗ ತೊಲಗಲಿಲ್ಲ. 1994ರ ಸೂರತ್ ಹಾವಳಿಗೆ ಮುಂಚೆ ದೇಶದಲ್ಲಿ ದೃಢಪಟ್ಟ ಕೊನೆಯ ಪ್ರಕರಣ ದಾಖಲಾದದ್ದು 1966ರಲ್ಲಿ, ಕೋಲಾರ ಜಿಲ್ಲೆಯ ಮುಳಬಾಗಿಲಿನಲ್ಲಿ. ಹಳೇ ಮದ್ರಾಸ್ ರಸ್ತೆ ಹಿಡಿದು ವೈಟ್‌ಫೀಲ್ಡ್ ಕಡೆಯಿಂದ ಪೂರ್ವಕ್ಕೆ ಸಾಗಿದರೆ ಸಿಗುವ ಊರು.

ಅಷ್ಟರಲ್ಲಿ ಊರಾಚೆಯ ಬಯಲು ಬೇರೆಯದೇ ರೂಪ ತಾಳುತ್ತಿತ್ತು. 1882ರಲ್ಲಿ ಆಂಗ್ಲೋ ಇಂಡಿಯನ್ನರ ವ್ಯವಸಾಯದ ವಸಾಹತಾಗಿ ಹುಟ್ಟಿದ ವೈಟ್‌ಫೀಲ್ಡ್ ನೂರು ವರ್ಷದ ಮೇಲೆ ಐಟಿಯವರ ಊರಾಯಿತು. ರಾಜ್ಯದ ಎಲೆಕ್ಟ್ರಾನಿಕ್ಸ್ ನಿಗಮ ಕಿಯೋನಿಕ್ಸ್, ತನ್ನ ಮುಖ್ಯಸ್ಥ ಆರ್. ಕೆ. ಬಾಳಿಗರ ಕನಸಿನಂತೆ, 1978ರಲ್ಲಿ ಕೋನಪ್ಪನ ಅಗ್ರಹಾರ, ದೊಡ್ಡತೋಗೂರಿನ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ ಸಿಟಿಗೆ ಅಡಿಪಾಯ ಹಾಕಿತು. ಅದೇ ದಶಕದಲ್ಲಿ ತುಮಕೂರು ರಸ್ತೆಯ ಪೀಣ್ಯ ಕೈಗಾರಿಕಾ ಪ್ರದೇಶವೂ ಎದ್ದಿತು. ಲೇತು, ಮಿಲ್ಲಿಂಗ್, ಪ್ಲೇಟಿಂಗ್, ಪೌಡರ್ ಕೋಟಿಂಗ್ ಮಾಡುವ ಸಾವಿರಾರು ಸಣ್ಣ ಶೆಡ್ಡುಗಳು, ನಡುನಡುವೆ ಗಾರ್ಮೆಂಟ್ಸ್.

ಇದಕ್ಕೆ ಮುಂಚಿನ ತಲೆಮಾರಿನ ಕಾರ್ಖಾನೆಗಳು ಕೆಲಸಗಾರರಿಗೆ ಮನೆ ಕಟ್ಟಿಸಿಯೇ ಯಂತ್ರ ಓಡಿಸಿದವು. ಐಟಿಐಯ ದೂರವಾಣಿನಗರ, ಜಾಲಹಳ್ಳಿಯ ಎಚ್‌ಎಂಟಿ ಮತ್ತು ಬಿಇಎಲ್ ಕಾಲೋನಿಗಳು ಈಗಲೂ ಸಾಕ್ಷಿ: ಕ್ವಾರ್ಟರ್ಸ್, ಶಾಲೆ, ಆಸ್ಪತ್ರೆ, ಮರ. ಪೀಣ್ಯದ ಸಣ್ಣ ಉದ್ದಿಮೆಗೆ ಅಂಥ ಶಕ್ತಿ ಇರಲಿಲ್ಲ, ಸರ್ಕಾರವೂ ಆ ಹೊಣೆ ಹೊರಲಿಲ್ಲ. ಕೆಲಸಗಾರರು ಹೆಗ್ಗನಹಳ್ಳಿ, ಲಗ್ಗೆರೆಯ ವಠಾರಗಳಲ್ಲಿ ಒಂದೊಂದು ಕೋಣೆ ಹಿಡಿದರು. ವೈಟ್‌ಫೀಲ್ಡ್‌ನ ಗೋಪುರಗಳನ್ನು ಕಟ್ಟಿದ ಕೂಲಿಗಳಿಗೆ ಸಿಕ್ಕಿದ್ದು ತಗಡಿನ ಲೇಬರ್ ಶೆಡ್ಡು. ಇಡೀ ಕಥೆಯ ಗಂಟು ಇರುವುದು ಇಲ್ಲೇ.

ಕೋವಿಡ್ ಹಬ್ಬತೊಡಗಿದ್ದ 2020ರ ಫೆಬ್ರುವರಿಯಲ್ಲಿ ಜಗತ್ತು ಕಣ್ಣರಳಿಸಿ ನೋಡಿದ್ದು ಜಪಾನಿನ ಯೊಕೊಹಾಮಾದಲ್ಲಿ ಲಂಗರು ಹಾಕಿದ್ದ ‘ಡೈಮಂಡ್ ಪ್ರಿನ್ಸೆಸ್’ ಹಡಗನ್ನು. 3,711 ಜನ ಅದರಲ್ಲಿದ್ದರು. ಪ್ರವಾಸಿಗಳನ್ನು ಕ್ಯಾಬಿನ್ನಿನೊಳಗೇ ಇರಿಸಲಾಯಿತು. ಊಟ ಬಾಗಿಲಿಗೆ ಬರುತ್ತಿತ್ತು. ಕಿಟಕಿಯಿಲ್ಲದ ಕ್ಯಾಬಿನ್ನಿನವರನ್ನು ಸರದಿಯ ಮೇಲೆ ಸ್ವಲ್ಪ ಹೊತ್ತು ಡೆಕ್ಕಿನ ಮೇಲೆ ಗಾಳಿಗೆ ಬಿಡುತ್ತಿದ್ದರು. ಆ ಊಟ ಬೇಯಿಸಿ, ತಟ್ಟೆ ಹೊತ್ತು ಬಾಗಿಲಿಂದ ಬಾಗಿಲಿಗೆ ನಡೆದ ಸಿಬ್ಬಂದಿ ಮಾತ್ರ ಕೆಳ ಅಂತಸ್ತಿನ ಕೋಣೆಗಳನ್ನು ಹಂಚಿಕೊಂಡು, ಒಟ್ಟಿಗೆ ಉಂಡು, ದುಡಿಮೆ ಮುಂದುವರಿಸಿದರು. ಸಿಬ್ಬಂದಿಯಲ್ಲಿ 132 ಮಂದಿ ಭಾರತೀಯರು. ಕಾರವಾರದ ಯುವಕನೊಬ್ಬ ಅದರಲ್ಲಿದ್ದ. ಹಡಗಿನ 712 ಜನರಿಗೆ ಸೋಂಕು ತಗುಲಿತು. ಒಂದೇ ಹಡಗು, ಒಂದೇ ದಿಗ್ಬಂಧನ. ಕೋಣೆಗಳು ಮಾತ್ರ ಬೇರೆ ಬೇರೆ.

ತಿಂಗಳು ಕಳೆಯುವುದರೊಳಗೆ ಬೆಂಗಳೂರಿನ ಹೊರವಲಯವೂ ಅಂಥದೇ ಸ್ಥಿತಿಗೆ ಬಂತು. ಮಾರ್ಚ್ 9ರಂದು ರಾಜ್ಯದ ಮೊದಲ ಪ್ರಕರಣ ಪ್ರಕಟವಾಯಿತು: ಅಮೆರಿಕದಿಂದ ಬಂದ ಟೆಕ್ಕಿ. ಎರಡು ದಿನದಲ್ಲಿ ಸರ್ಕಾರ ನಿಯಮ ಹೊರಡಿಸಿತು, ಅದೂ 1897ರ ಸಾಂಕ್ರಾಮಿಕ ರೋಗಗಳ ಕಾಯ್ದೆಯಡಿಯಲ್ಲಿ. ಮುಂಬಯಿಯ ಪ್ಲೇಗಿಗೆಂದು ಬ್ರಿಟಿಷರು ಮಾಡಿದ ಕಾಯ್ದೆಯೇ 123 ವರ್ಷದ ಮೇಲೆ ಕೈಗೆ ಬಂತು. ವಿದೇಶದಿಂದ ಬಂದವರ ಕೈಗೆ ಮುದ್ರೆ ಬಿತ್ತು. ಮತದಾರರ ಬೆರಳಿಗೆ ಹಚ್ಚುವ ಅಳಿಸಲಾಗದ ಶಾಯಿಯನ್ನು ಈ ಕೆಲಸಕ್ಕೂ ಬಳಸಲು ಚುನಾವಣಾ ಆಯೋಗ ಒಪ್ಪಿತು. ಆ ಶಾಯಿ ತಯಾರಾಗುವುದು ನಾಲ್ವಡಿಯವರು 1937ರಲ್ಲಿ ಸ್ಥಾಪಿಸಿದ ಮೈಸೂರಿನ ಬಣ್ಣ ಮತ್ತು ಅರಗು ಕಾರ್ಖಾನೆಯಲ್ಲಿ. ಮಾರ್ಚ್ ಕೊನೆಗೆ ಇನ್ನೊಂದು ಆದೇಶ ಬಂತು: ಮನೆಯಲ್ಲೇ ಕ್ವಾರಂಟೈನ್ ಆದವರು ರಾತ್ರಿ 10ರಿಂದ ಬೆಳಿಗ್ಗೆ 7ರವರೆಗಿನ ಹೊತ್ತು ಬಿಟ್ಟು, ಗಂಟೆಗೊಂದು ಸೆಲ್ಫಿಯನ್ನು ಆ್ಯಪ್ ಮೂಲಕ ಕಳಿಸಬೇಕು.

ವೈಟ್‌ಫೀಲ್ಡ್‌ನ ಫ್ಲ್ಯಾಟಿನಲ್ಲಿ ಕ್ವಾರಂಟೈನ್ ಎಂದರೆ ಮಲಗುವ ಕೋಣೆಯ ಬಾಗಿಲು. ಹೊರಗೆ ಸ್ಟೂಲಿನ ಮೇಲೆ ತಟ್ಟೆ, ಒಳಗೆ ಲ್ಯಾಪ್‌ಟಾಪು, ಅಟ್ಯಾಚ್ಡ್ ಬಾತ್‌ರೂಮು, ಬಾಲ್ಕನಿಯಲ್ಲಿ ಒಗೆದ ಬಟ್ಟೆ. ಮನೆಯ ಬಾಗಿಲಿಗೆ ಅಂಟಿಸಿದ ನೋಟಿಸು. ಕಷ್ಟವಿರಲಿಲ್ಲವೆಂದಲ್ಲ: ಗೋಡೆಯಾಚೆ ಮಗು ಅತ್ತರೆ ಎತ್ತಿಕೊಳ್ಳಲಾಗದ ತಾಯಿಗೆ ಅಟ್ಯಾಚ್ಡ್ ಬಾತ್‌ರೂಮು ಸಮಾಧಾನ ಕೊಡಲಾರದು. ಜುಲೈನಲ್ಲಿ ದೊಮ್ಮಲೂರಿನ ಅಪಾರ್ಟ್‌ಮೆಂಟೊಂದರಲ್ಲಿ ಸೀಲ್‌ಡೌನ್ ಹೆಸರಿನಲ್ಲಿ ಎರಡು ಫ್ಲ್ಯಾಟುಗಳ ಬಾಗಿಲಿಗೆ ತಗಡಿನ ಶೀಟು ಬಡಿದರು. ಒಂದರೊಳಗೆ ತಾಯಿ, ಇಬ್ಬರು ಪುಟ್ಟ ಮಕ್ಕಳು. ಪಾಲಿಕೆಯ ಆಯುಕ್ತರು ಶೀಟು ತೆಗೆಸಿ ಕ್ಷಮೆ ಕೇಳಿದರು. 1898ರಲ್ಲಿ ಗಾಳಿಗೆಂದು ಹೆಂಚು ತೆಗೆಸಿದ ಊರಿನಲ್ಲಿ ಇದು ನಡೆಯಿತು.

ಆದರೂ ಅಲ್ಲಿ ಮುಚ್ಚಲು ಒಂದು ಬಾಗಿಲಿತ್ತು. ಏಪ್ರಿಲ್‌ನಲ್ಲಿ ಹೊಸೂರು ರಸ್ತೆ ಬದಿಯ ಹೊಂಗಸಂದ್ರದಲ್ಲಿ ಬಿಹಾರದ ಕೂಲಿಯೊಬ್ಬರಿಗೆ ಸೋಂಕು ಕಂಡಾಗ ‘ಪ್ರತ್ಯೇಕವಾಗಿರಿ’ ಎಂಬ ಮಾತಿಗೆ ಅರ್ಥವೇ ಉಳಿಯಲಿಲ್ಲ. ಒಂದೇ ಕಡೆ ಒತ್ತಾಗಿ ವಾಸಿಸುತ್ತಿದ್ದ ಕೂಲಿಗಳಲ್ಲಿ ಹತ್ತಾರು ಜನರಿಗೆ ಅದು ಹರಡಿತು. ಶೀಟಿನ ಮನೆಯ ಲೆಕ್ಕ ಹೀಗಿರುತ್ತದೆ: ಒಂದು ಕೋಣೆ, ಗೋಡೆಯುದ್ದಕ್ಕೂ ಮೊಳೆಗೆ ನೇತುಹಾಕಿದ ಚೀಲಗಳು, ಮೂಲೆಯಲ್ಲಿ ಸ್ಟೌವು, ಹಗಲು ಪಾಳಿಯವರು ಎದ್ದ ಜಾಗದಲ್ಲಿ ರಾತ್ರಿ ಪಾಳಿಯವರು ಮಲಗುವ ಚಾಪೆ, ಸಾಲಿಗೆಲ್ಲ ಸೇರಿ ಒಂದೋ ಎರಡೋ ಕಕ್ಕಸು, ನೀರಿಗೆ ಬಿಂದಿಗೆಯ ಸಾಲು. ಲಾಕ್‌ಡೌನ್‌ನಲ್ಲಿ ಎರಡೂ ಪಾಳಿಯವರು ಒಂದೇ ಹೊತ್ತಿಗೆ ಒಳಗಿರಬೇಕಾಯಿತು. ಮೇಲೆ ಏಪ್ರಿಲ್ ಬಿಸಿಲಿಗೆ ಕಾದ ತಗಡು.

ಇವರು ಊರಿಗೆ ಹೋಗುತ್ತೇವೆಂದರು. ಮೇ ಮೊದಲ ವಾರ ಶ್ರಮಿಕ ರೈಲುಗಳು ಮಾಲೂರು, ಚಿಕ್ಕಬಾಣಾವರದಿಂದ ಹೊರಟವು. ಮೇ 5ರಂದು ಬಿಲ್ಡರುಗಳ ಜೊತೆ ಸಭೆ ನಡೆಯಿತು. ಅದರ ಬೆನ್ನಲ್ಲೇ ಸರ್ಕಾರ ಮುಂದಿನ ರೈಲುಗಳು ಬೇಡವೆಂದು ರೈಲ್ವೆಗೆ ಬರೆಯಿತು. ದೇಶದ ತುಂಬ ಟೀಕೆ ಬಂದ ಮೇಲೆ ಒಂದೆರಡು ದಿನದಲ್ಲೇ ನಿರ್ಧಾರ ಬದಲಾಯಿತು. ಇದಕ್ಕೆ ಯಾವ ಸಮರ್ಥನೆಯೂ ಸಾಲದು. ಪ್ಲೇಗಿನ ಕಾಲದ ರೈತನಿಗೆ ಇದ್ದ ಒಂದೇ ರಕ್ಷಣೆ ಊರು ಬಿಡುವ ಸ್ವಾತಂತ್ರ್ಯ. ಇವರಿಗೆ ಅದನ್ನೂ ತಡೆಯಲಾಯಿತು.

ಪೀಣ್ಯ ದಾಟಿ ಮಾದಾವರದ ಬಳಿ ಅಂತಾರಾಷ್ಟ್ರೀಯ ವಸ್ತುಪ್ರದರ್ಶನ ಕೇಂದ್ರವಿದೆ. ಮೆಷಿನ್ ಟೂಲ್ ತಯಾರಕರ ಸಂಘದ್ದು; ಪೀಣ್ಯದ ಮಾಲೀಕರು ಹೊಸ ಸಿಎನ್‌ಸಿ ಯಂತ್ರ ನೋಡಲು ಹೋಗುವ ಜಾಗ. ಆ ಮೇ ತಿಂಗಳಲ್ಲಿ ರೈಲಿಗೆ ಕಾದ ಕೂಲಿಗಳು ಅಲ್ಲಿ ಸೇರಿದರು. ಜುಲೈನಲ್ಲಿ ಅದೇ ಹಾಲುಗಳಲ್ಲಿ 10,100 ಹಾಸಿಗೆಯ ಕೋವಿಡ್ ಕೇರ್ ಸೆಂಟರ್ ಎಂದು ಘೋಷಣೆಯಾಯಿತು. ಸಾಲುಸಾಲು ಮಂಚ, ಫ್ಯಾನು, ಬಕೆಟ್ಟು, ಮಗ್ಗು. ಬಾಡಿಗೆಯ ದರದ ಬಗ್ಗೆ ಜಗಳವೆದ್ದು, ಕೊಂಡುಕೊಳ್ಳುವುದೇ ಅಗ್ಗವೆಂಬ ಲೆಕ್ಕವಾಯಿತು. ಹಾಸಿಗೆಗಳು ಬಹುಪಾಲು ಖಾಲಿಯೇ ಉಳಿದವು. ಸೆಪ್ಟೆಂಬರ್ 15ಕ್ಕೆ ಕೇಂದ್ರ ಮುಚ್ಚಿತು. ಮಂಚ ಹಾಸಿಗೆಗಳನ್ನು ಸರ್ಕಾರಿ ಹಾಸ್ಟೆಲ್, ಆಸ್ಪತ್ರೆಗಳಿಗೆ ಕೊಡಲು ತೀರ್ಮಾನವಾಯಿತು.

ವಲಸೆ ಕಾರ್ಮಿಕರಿಗೆ ತಕ್ಕ ವಸತಿ ಕೊಡಬೇಕೆಂದು ಗುತ್ತಿಗೆದಾರನಿಗೆ ವಿಧಿಸಿದ್ದ 1979ರ ಕಾಯ್ದೆ ಆ ವರ್ಷ ಜಾರಿಯಲ್ಲೇ ಇತ್ತು. ಕೇಂದ್ರ ಸಂಪುಟ 2020ರ ಜುಲೈನಲ್ಲಿ ಕಾರ್ಮಿಕರಿಗೆ ಅಗ್ಗದ ಬಾಡಿಗೆ ಮನೆಗಳ ಯೋಜನೆಯನ್ನೂ ಒಪ್ಪಿತು. ಕಾಗದದ ಮೇಲೆ ಕೊರತೆಯಿಲ್ಲ. ದೂರವಾಣಿನಗರವನ್ನು, ಬಸವನಗುಡಿಯ ಹಿತ್ತಿಲ ಸಂದಿಗಳನ್ನು ಕಟ್ಟಿದ ರಾಜ್ಯಕ್ಕೆ ಇದು ಗೊತ್ತಿಲ್ಲದ ವಿದ್ಯೆಯೂ ಅಲ್ಲ. ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ ಇನ್ನು ಮುಂದೆ ಕಾರ್ಖಾನೆಗೆಂದು ಎಕರೆ ಹಂಚುವಾಗ ಕೆಲಸಗಾರರ ಮನೆಗೂ ಅದೇ ನಕ್ಷೆಯಲ್ಲಿ ಜಾಗ ಗುರುತಿಸಲಿ. ಪ್ರತಿ ಮನೆಗೂ ಒಂದು ಕಿಟಕಿ, ಒಂದು ನಲ್ಲಿ, ಒಳಗಿನಿಂದ ಚಿಲಕ ಹಾಕಿಕೊಳ್ಳಬಹುದಾದ ಒಂದು ಬಾಗಿಲು ಇರಲಿ. ಪೀಣ್ಯದ ಉದ್ದಿಮೆದಾರರೂ ವೈಟ್‌ಫೀಲ್ಡ್‌ನ ನಿವಾಸಿಗಳೂ ಈ ಬೇಡಿಕೆಯನ್ನು ತಮ್ಮದೆಂದೇ ಸರ್ಕಾರದ ಮುಂದಿಡಬೇಕು.