ಹೊಲದಿಂದ ಕೊರಳಿಗೆ: ಕೃಷ್ಣಾ-ಘಟಪ್ರಭಾ ಸೀಮೆಯ ಒಡವೆಗಳು

ಚರಿತ್ರೆಯೆಂದೊಡನೆ ಅರಸರು, ಕೋಟೆಗಳು, ಕಾಳಗಗಳು ನಮ್ಮ ಕಣ್ಣೆದುರಿಗೆ ಬಂದು ನಿಲ್ಲುವುದು ವಾಡಿಕೆ. ಇಂದಿನ ಮಾತು ಅಂತಹ ದೊಡ್ಡ ಸಂಗತಿಯದಲ್ಲ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಸೀಮೆಯಲ್ಲಿ ಅಜ್ಜಿಯರ ಕೊರಳಿನಲ್ಲಿಯೋ ಪೆಟ್ಟಿಗೆಯ ತಳದಲ್ಲಿಯೋ ಉಳಿದುಬಂದಿರುವ ಒಡವೆಗಳನ್ನು ಕುರಿತದ್ದು. ಇವುಗಳ ಮೇಲೆ ಲಿಪಿಯಿಲ್ಲ, ತೇದಿಯಿಲ್ಲ, ಮಾಡಿದವನ ಹೆಸರಿಲ್ಲ. ಆದರೆ ಇವುಗಳ ಹೆಸರುಗಳೇ ಒಂದು ಬಗೆಯ ಶಾಸನಗಳು. ಅಕ್ಕಸಾಲಿಗನು ತನ್ನ ಆಕಾರಗಳನ್ನು ಎಲ್ಲಿಂದ ತಂದನೆಂಬ ಪ್ರಶ್ನೆಗೆ ಆ ಹೆಸರುಗಳಲ್ಲಿಯೇ ಉತ್ತರ ಉಂಟು.

ಬೋರಮಾಳವೆಂಬ ಸರವನ್ನು ನೋಡಿರಿ. ಹೊಲದ ಬದುವಿನಲ್ಲಿ ತಾನಾಗಿಯೇ ಬೆಳೆಯುವ ಬೋರೆಯ ಹಣ್ಣನ್ನು ಚಿನ್ನದಲ್ಲಿ ಪೋಣಿಸಿದಂತೆ ಅದರ ಗುಂಡುಗಳಿವೆ. ಅವಲಕ್ಕಿ ಸರವು ಕುಟ್ಟಿದ ಅಕ್ಕಿಯ ನೆನಪು. ಮುಡಿಯಲ್ಲಿ ಮಲ್ಲಿಗೆಯ ಮೊಗ್ಗಿದೆ, ಕೇದಗೆಯ ಎಸಳಿದೆ, ನಾಗರವಿದೆ, ಸೂರ್ಯಚಂದ್ರರಿದ್ದಾರೆ. ನೆರೆಯ ಮರಾಠಿ ಸೀಮೆಯಲ್ಲಿ ಜೋಳದ ಕಾಳಿನ ಹೆಸರನ್ನು ಹೊತ್ತ ಚಿನ್ನದ ಮಣಿಗಳೂ ಉಂಟು. ಇಳಕಲ್ಲಿನ ಸೀರೆಯ ಸೆರಗಿನಲ್ಲಿಯೂ ಜೋಳದ ತೆನೆಯೇ ಮೂಡಿರುವುದನ್ನು ಕಂಡರೆ, ನೇಕಾರನೂ ಅಕ್ಕಸಾಲಿಗನೂ ಒಂದೇ ಹೊಲವನ್ನು ನೋಡಿ ಕಲಿತವರೆಂಬುದು ಸ್ಪಷ್ಟವಾಗುತ್ತದೆ. ಇವರು ದೂರದ ನಂದನವನವನ್ನು ಕಲ್ಪಿಸಿಕೊಳ್ಳಲಿಲ್ಲ. ದಿನವೂ ಕೈಯಲ್ಲಿ ಹಿಡಿದು ತಿಂದದ್ದನ್ನೇ ಚಿನ್ನದಲ್ಲಿ ಕಂಡರು.

ಈ ಆಕಾರಗಳಿಗೆ ಸೌಂದರ್ಯದಷ್ಟೇ ಬಲವಾದ ಇನ್ನೊಂದು ಕಾರಣವೂ ಇತ್ತು. ಬೋರಮಾಳದ ಗುಂಡು ಗಟ್ಟಿಯಾದುದಲ್ಲ. ಚಿನ್ನವನ್ನು ಬಡಿದು ತೆಳುವಾದ ತಗಡನ್ನು ಮಾಡಿ, ಅದನ್ನು ಅಚ್ಚಿನ ಗುಳಿಯಲ್ಲಿ ಒತ್ತಿ, ಅರ್ಧಗೋಳಗಳೆರಡನ್ನು ಬೆಸೆದು, ಒಳಗಿನ ಪೊಳ್ಳಿನಲ್ಲಿ ಅರಗನ್ನು ತುಂಬುತ್ತಾರೆ. ಅರಗು ಒಳಗಿನಿಂದ ಆಸರೆ ಕೊಡುವುದರಿಂದ ತೆಳುವಾದ ತಗಡು ತಗ್ಗುಬೀಳದೆ ನಿಲ್ಲುತ್ತದೆ. ಹೀಗೆ ಸ್ವಲ್ಪ ಚಿನ್ನದಲ್ಲಿ ಕೊರಳು ತುಂಬುವಂತಹ ಸರವಾಗುತ್ತದೆ. ಮಳೆಯನ್ನೇ ನಂಬಿದ ಎರೆಯ ನೆಲದ ಒಕ್ಕಲಿಗನು ಮಗಳ ಕೊರಳಿಗೆ ಇಷ್ಟನ್ನಾದರೂ ಹಾಕಬಲ್ಲವನಾದುದು ಈ ಜಾಣ್ಮೆಯಿಂದ. ಬಡತನವು ಕಲೆಯನ್ನು ಕುಂದಿಸಲಿಲ್ಲ; ಅದಕ್ಕೊಂದು ಉಪಾಯವನ್ನು ಕಲಿಸಿತು.

ಅಕ್ಕಸಾಲಿಗನ ತಕ್ಕಡಿಯನ್ನು ನೋಡಿದರೂ ಅಲ್ಲಿ ಪ್ರಕೃತಿಯೇ ಕುಳಿತಿದ್ದಿತು. ಬೇಲಿಯ ಬಳ್ಳಿಯಲ್ಲಿ ಬಿಡುವ ಕೆಂಪು-ಕಪ್ಪು ಗುಲಗಂಜಿಯ ಬೀಜವೇ ತೂಕದ ಮೊದಲ ಮೆಟ್ಟಿಲು. ಎಂಟು ಗುಂಜಿಗೆ ಒಂದು ಮಾಸಿ, ಹನ್ನೆರಡು ಮಾಸಿಗೆ ಒಂದು ತೊಲ. ಎಂದರೆ ತೊಲಕ್ಕೆ 96 ಗುಂಜಿ. ಇಂದಿನ ಲೆಕ್ಕದಲ್ಲಿ ತೊಲವು ಸುಮಾರು 11.66 ಗ್ರಾಂ. ಕಾಳಿನ ಆಕಾರದ ಒಡವೆಯನ್ನು ಕಾಳಿನಿಂದಲೇ ತೂಗುತ್ತಿದ್ದರೆಂಬುದು ಎಷ್ಟು ಸೊಗಸಾದ ಸಂಗತಿ!

ಹೊಲವು ಒಂದು ಪಾಠಶಾಲೆಯಾದರೆ ಗುಡಿಯು ಇನ್ನೊಂದು. ಈ ಸೀಮೆಗೆ ಬಾದಾಮಿ, ಪಟ್ಟದಕಲ್ಲುಗಳು ಹೆಚ್ಚು ದೂರವಿಲ್ಲ. ಬಾದಾಮಿಯ ಮೂರನೆಯ ಗುಹೆಯಲ್ಲಿ ಮಂಗಲೇಶನು ಬರೆಸಿದ, ಕ್ರಿ. ಶ. 578ರ ಶಾಸನವಿದೆ. ಅಲ್ಲಿಯ ಕಂಬಗಳ ಮೇಲಿನ ದಂಪತಿಗಳ ಮೈಮೇಲೆ ಹಾರಗಳು, ತೋಳಬಂದಿಗಳು, ಸೊಂಟದ ಪಟ್ಟಿಗಳು ಕಾಣುತ್ತವೆ. ಎಂಟನೆಯ ಶತಮಾನದಲ್ಲಿ ಲೋಕಮಹಾದೇವಿಯು ಕಟ್ಟಿಸಿದ ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯದಲ್ಲಿಯೂ ಹೀಗೆಯೇ. ಕಲ್ಲುಕುಟಿಗನು ತನ್ನ ಕಾಲದ ಒಡವೆಯನ್ನು ನೋಡಿ ಕಡೆದನು. ಆ ಕಲ್ಲನ್ನು ನೋಡುತ್ತ ಬೆಳೆದ ಜನರ ಕಣ್ಣಿನಲ್ಲಿ ಆ ಆಕಾರಗಳು ನಿಂತವು. ಇಂದಿನ ವಂಕಿಯು ಆ ಶಿಲ್ಪದ ನೇರವಾದ ಸಂತಾನವೆಂದು ಸಾಧಿಸುವುದು ನನ್ನ ಉದ್ದೇಶವಲ್ಲ. ಕಮಲ, ನಾಗ, ಮಕರಗಳು ಕಲ್ಲಿಗೂ ಚಿನ್ನಕ್ಕೂ ಸಮಾನವಾದ ಸೊತ್ತಾಗಿದ್ದವೆಂದು ಹೇಳಿದರೆ ಸಾಕು.

ಮುಧೋಳದ ಹೆಸರನ್ನು ಹೇಳಿ ರನ್ನನನ್ನು ನೆನೆಯದಿದ್ದರೆ ತಪ್ಪಾದೀತು. ಕ್ರಿ. ಶ. 949ರಲ್ಲಿ ಮುದುವೊಳಲಿನ ಬಳೆಗಾರರ ಮನೆಯಲ್ಲಿ ಹುಟ್ಟಿದ ಈ ಮಹಾಕವಿಯು ಮುಂದೆ ಚಾಲುಕ್ಯ ತೈಲಪನಿಂದ ಕವಿಚಕ್ರವರ್ತಿಯೆನಿಸಿಕೊಂಡನು. ಹೆಂಗಸರ ಕೈಯ ಅಳತೆಯನ್ನು ಕಣ್ಣಿನಿಂದಲೇ ತಿಳಿಯುವ ಕುಲದಲ್ಲಿ ಬೆಳೆದವನು ಕಾವ್ಯವನ್ನು ರತ್ನವೆಂದು ಭಾವಿಸಿದುದರಲ್ಲಿ ಆಶ್ಚರ್ಯವೇನು? ಅವನ ಹೆಸರೇ ರತ್ನವೆಂಬ ಮಾತಿನ ತದ್ಭವ. ತನ್ನ ಕೃತಿಯನ್ನು ಅವನು ಸರ್ಪರಾಜನ ಹೆಡೆಯ ಮಣಿಗೆ ಹೋಲಿಸಿ, ಪರೀಕ್ಷಿಸಲು ಬರುವವನಿಗೆ ಸವಾಲನ್ನೇ ಹಾಕಿದನು. ಅವನ ಆಶ್ರಯದಾತೆಯಾದ ಅತ್ತಿಮಬ್ಬೆಯು 1,500 ಜಿನಬಿಂಬಗಳನ್ನು ಚಿನ್ನ-ರತ್ನಗಳಿಂದ ಮಾಡಿಸಿ ದಾನಮಾಡಿದಳೆಂದು ಪ್ರಸಿದ್ಧಿ. ಕವಿಯ ಹೆಸರು ನಮಗೆ ಉಳಿದಿದೆ. ಆ ಬಿಂಬಗಳನ್ನು ಮಾಡಿದ ಕೈಗಳ ಹೆಸರು ಒಂದೂ ಉಳಿದಿಲ್ಲ.

ಸಂಪ್ರದಾಯವೆಂಬುದು ನಿಂತ ನೀರಲ್ಲವೆಂಬುದಕ್ಕೆ ಪುತಳಿ ಸರವು ಸಾಕ್ಷಿ. ವೆನಿಸ್ ಪಟ್ಟಣದ ಚಿನ್ನದ ನಾಣ್ಯಗಳು ಕಡಲನ್ನು ದಾಟಿ ಇಲ್ಲಿಗೆ ಬಂದಾಗ, ಅವುಗಳ ಮೇಲಿನ ಮನುಷ್ಯಾಕೃತಿಗಳನ್ನು ಕಂಡ ನಮ್ಮವರು ಅವನ್ನು ಪುತಳಿಯೆಂದು, ಎಂದರೆ ಗೊಂಬೆಯೆಂದು ಕರೆದರು, ಕೊರಳಿಗೂ ಪೋಣಿಸಿಕೊಂಡರು. ಜಮಖಂಡಿ ಮತ್ತು ಬನಹಟ್ಟಿಗಳು ಪಟವರ್ಧನರ ಜಮಖಂಡಿ ಸಂಸ್ಥಾನದಲ್ಲಿಯೂ, ರಬಕವಿಯು ಸಾಂಗಲಿಯಲ್ಲಿಯೂ, ಮುಧೋಳವು ಘೋರ್ಪಡೆಯವರ ಕೈಯಲ್ಲಿಯೂ, ಬೀಳಗಿಯು ಬ್ರಿಟಿಷರ ವಿಜಾಪುರ ಜಿಲ್ಲೆಯಲ್ಲಿಯೂ ಇದ್ದವು. 1948ರಲ್ಲಿ ಆ ಸಂಸ್ಥಾನಗಳು ವಿಲೀನವಾಗುವವರೆಗೂ ಇಲ್ಲಿ ಹಲವು ಗಡಿಗಳಿದ್ದವು. ಆದರೆ ಬುಗುಡಿಗೂ ಪಾಟಲಿಗೂ ನತ್ತಿಗೂ ಆ ಗಡಿಗಳು ಅಡ್ಡಬರಲಿಲ್ಲ. ಮರಾಠಿಯ ಮಾತೂ ಕನ್ನಡದ ಮಾತೂ ಒಂದೇ ಕಿವಿಯಲ್ಲಿ, ಒಂದೇ ಕೈಯಲ್ಲಿ ಕೂಡಿಕೊಂಡವು.

ಇಷ್ಟು ಕಾಲ ಬಾಳಿದ ವಿದ್ಯೆಗೆ ದೊಡ್ಡ ಪೆಟ್ಟು ಬಿದ್ದುದು 1963ರ ಜನವರಿಯಲ್ಲಿ. ಅಂದು ಜಾರಿಗೆ ಬಂದ ಚಿನ್ನ ನಿಯಂತ್ರಣದ ನಿಯಮಗಳು ಹೊಸ ಒಡವೆಯ ಚಿನ್ನವು 14 ಕ್ಯಾರಟ್ಟನ್ನು ಮೀರಬಾರದೆಂದು ವಿಧಿಸಿದವು. ಬೆರಕೆ ಹೆಚ್ಚಿದ ಚಿನ್ನವು ಗಡುಸು. ತೆಳುವಾದ ತಗಡಾಗಿ ಅಚ್ಚಿನಲ್ಲಿ ಸುಲಭವಾಗಿ ಕೂರದು. ದೇಶದಲ್ಲೆಲ್ಲ ಸಾವಿರಾರು ಅಕ್ಕಸಾಲಿಗರು ಕಸುಬನ್ನು ಕಳೆದುಕೊಂಡರು. ಕ್ಯಾರಟ್ಟಿನ ಕಟ್ಟು ಬೇಗನೆ ಸಡಿಲವಾಯಿತಾದರೂ, 1968ರ ಕಾಯಿದೆಯು ರದ್ದಾದುದು 1990ರಲ್ಲಿ. ಅಷ್ಟರಲ್ಲಿ ಒಂದು ತಲೆಮಾರಿನ ಮಕ್ಕಳು ತಂದೆಯ ಕುಲುಮೆಯನ್ನು ಬಿಟ್ಟು ಬೇರೆ ದಾರಿಯನ್ನು ಹಿಡಿದಿದ್ದರು.

ಈಗಿನ ಅಪಾಯವು ಸದ್ದಿಲ್ಲದ್ದು. ಹಳೆಯ ಬೋರಮಾಳವನ್ನು ಅಂಗಡಿಗೆ ಒಯ್ದರೆ ಅರಗನ್ನು ಕಳೆದು ಚಿನ್ನವನ್ನಷ್ಟೇ ತೂಗುವರು. ತೂಕವು ಕಡಮೆ ಬರುತ್ತದೆ. ಅಜ್ಜಿಗೆ ಯಾರೋ ಮೋಸಮಾಡಿದ್ದರೆಂದು ಮೊಮ್ಮಕ್ಕಳು ಭಾವಿಸುತ್ತಾರೆ. ಮೋಸವಲ್ಲ, ಅದು ಆ ಮನೆಯವರ ಬಡತನವನ್ನು ಮುಚ್ಚಿ ಮಾನವನ್ನು ಕಾಯ್ದ ವಿದ್ಯೆ. ಕಷ್ಟಕ್ಕಾಗಿ ಒಡವೆಯನ್ನು ಮಾರಬೇಡಿರೆಂದು ಹೇಳುವ ಅಧಿಕಾರ ಯಾರಿಗೂ ಇಲ್ಲ. ಬರಗಾಲಕ್ಕೆ ಆಗಲೆಂದೇ ಹಿರಿಯರು ಅದನ್ನು ಮಾಡಿಸಿದ್ದರು. ಆದರೆ ಕರಗಿಸುವ ಮುನ್ನ ಮನೆಯ ಹಿರಿಯಳನ್ನು ಕೇಳಿ, ಅದರ ಹೆಸರೇನು, ಯಾವ ಕಾಳಿನ, ಯಾವ ಹೂವಿನ ರೂಪವದು ಎಂಬುದನ್ನು ಬರೆದಿಟ್ಟುಕೊಳ್ಳಿರಿ, ಚಿತ್ರವೊಂದನ್ನು ತೆಗೆದಿರಿಸಿರಿ. ಹೊಸದನ್ನು ಮಾಡಿಸುವಾಗ ಅದನ್ನು ಅಕ್ಕಸಾಲಿಗನ ಮುಂದಿಡಿರಿ. ಚಿನ್ನವನ್ನು ಎಷ್ಟು ಸಲ ಕರಗಿಸಿದರೂ ಚಿನ್ನವೇ ಉಳಿಯುತ್ತದೆ. ಹೆಸರು ಮಾತ್ರ ಒಮ್ಮೆ ಕರಗಿದರೆ ಮತ್ತೆ ಗಟ್ಟಿಯಾಗುವುದಿಲ್ಲ.